ವಾಕರ್, ಟಕರ್, ಫುಲರ್: ಇಂಗ್ಲಿಷ್ ಕಸುಬಿನ ಸರ್‌ನೇಮ್ ಮೂಲ ಹುಡುಕುವುದು ಹೇಗೆ?

'ವಾಕರ್ ಅಂದ್ರೆ ನಡೆಯುವವನು, ಅಲ್ವಾ?' ಇಂಗ್ಲಿಷ್ ಸರ್‌ನೇಮ್‌ಗಳ ಮಾತು ಬಂದಾಗಲೆಲ್ಲ ಓದುಗರು ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ಒಂದು ಹೆಸರು ಎಲ್ಲಿಂದ ಬಂತು ಅಂತ ನಾವೇ ಹುಡುಕಬಹುದಾ?

ಕೇಳುವವರು ಬೇರೆ ಬೇರೆ. ಕೆಲವರಿಗೆ ಕ್ರಿಕೆಟ್ ನೋಡುವಾಗ ಕುಕ್, ಬಟ್ಲರ್, ಆರ್ಚರ್ ಅಂತ ಕೇಳಿ ಬಂದ ಕುತೂಹಲ. ಕೆಲವರದ್ದು ಮನೆಯದೇ ವಿಷಯ. ಅಜ್ಜಿಯ ಕಡೆ ಒಂದು ಇಂಗ್ಲಿಷ್ ಸರ್‌ನೇಮ್ ಇದೆ, ಆ ಕಡೆಯವರು ಕೆಜಿಎಫ್‌ನಲ್ಲೋ ಬೆಂಗಳೂರು ದಂಡಿನಲ್ಲೋ ಇದ್ದರು, ಅದಕ್ಕಿಂತ ಹಿಂದಿನದು ಯಾರಿಗೂ ಗೊತ್ತಿಲ್ಲ.

ಹೌದು, ನಾವೇ ಹುಡುಕಬಹುದು. ಇಲ್ಲಿ ವಾಕರ್ ಎಂಬ ಒಂದೇ ಹೆಸರು ಹಿಡಿದು ದಾರಿ ತೋರಿಸುತ್ತೇನೆ. ಜೊತೆಗೆ ಟಕರ್, ಫುಲರ್ ಕೂಡ ಬರುತ್ತವೆ. ಯಾಕೆ ಅನ್ನುವುದು ಮೂರನೇ ಹಂತದಲ್ಲಿ ಗೊತ್ತಾಗುತ್ತದೆ. ನಿಮ್ಮ ಹೆಸರು ಬೇರೆಯಾದರೂ ದಾರಿ ಇದೇ.

ಕೈಯಲ್ಲಿ ಏನಿರಬೇಕು

ಹೆಸರಿನ ಅರ್ಥ ಮಾತ್ರ ಸಾಕು ಅನ್ನುವವರಿಗೆ ಒಂದು ನೋಟ್‌ಬುಕ್, ಇಂಟರ್ನೆಟ್, ಒಂದು ಸಂಜೆ ಸಾಕು. ಕುಟುಂಬವನ್ನೇ ಹುಡುಕಬೇಕು ಅಂದರೆ ನಿಮಗೆ ಗೊತ್ತಿರುವ ಅತಿ ಹಳೆಯ ವ್ಯಕ್ತಿಯ ಪೂರ್ತಿ ಹೆಸರು, ಅವರು ಇದ್ದ ಊರು, ಸುಮಾರಾಗಿ ಹುಟ್ಟಿದ ವರ್ಷ ಬೇಕು. ಮೂರರಲ್ಲಿ ಊರೇ ಮುಖ್ಯ. ಜಾನ್ ವಾಕರ್ ಎಂಬ ಹೆಸರಿನವರು ಇಂಗ್ಲೆಂಡಿನ ದಾಖಲೆಗಳಲ್ಲಿ ರಾಶಿ ರಾಶಿ ಸಿಗುತ್ತಾರೆ. ಊರು ಗೊತ್ತಿಲ್ಲದೆ ನಿಮ್ಮವರನ್ನು ಆರಿಸಿ ತೆಗೆಯಲು ಆಗುವುದಿಲ್ಲ.

ದುಡ್ಡಿನ ವಿಷಯ ಈಗಲೇ ಹೇಳಿಬಿಡುತ್ತೇನೆ. ಶುರುವಿನಲ್ಲೇ ಚಂದಾ ಕಟ್ಟಬೇಡಿ. ಹಳೆಯ ದಾಖಲೆ ಹುಡುಕುವ ವೆಬ್‌ಸೈಟ್‌ಗಳಾದ ಫ್ಯಾಮಿಲಿಸರ್ಚ್, ಫ್ರೀಬಿಎಮ್‌ಡಿ (ಹುಟ್ಟು, ಮದುವೆ, ಸಾವಿನ ಸೂಚಿ) ಎರಡೂ ಉಚಿತ. ಅವು ಮುಗಿದ ಮೇಲೆ ಏನು ಕಮ್ಮಿ ಬಿತ್ತು ನೋಡಿ, ಆಮೇಲೆ ಯೋಚಿಸಿ.

ಹಂತ 1: ಹೆಸರಿನ ಎಲ್ಲ ರೂಪ ಬರೆದುಕೊಳ್ಳಿ

ಹಳೆಯ ಇಂಗ್ಲೆಂಡಿನಲ್ಲಿ ಸ್ಪೆಲ್ಲಿಂಗ್ ಅಂತ ಗಟ್ಟಿಯಾದದ್ದು ಏನೂ ಇರಲಿಲ್ಲ. ಪಾದ್ರಿಯೋ ಗುಮಾಸ್ತನೋ ಕಿವಿಗೆ ಬಿದ್ದಂತೆ ಬರೆದ. ಒಬ್ಬನೇ ಮನುಷ್ಯ ಮದುವೆ ದಾಖಲೆಯಲ್ಲಿ ಒಂದು ಥರ, ಸಾವಿನ ದಾಖಲೆಯಲ್ಲಿ ಇನ್ನೊಂದು ಥರ ಇರುತ್ತಾನೆ. ಟಕರ್ ಹುಡುಕುವವರು ಟೂಕರ್, ಟೋಕರ್ ಕೂಡ ನೋಡಬೇಕು. ಫುಲರ್ ಹುಡುಕುವವರು ವೋಲರ್ ಬಿಡಬಾರದು. ದಕ್ಷಿಣದ ಕೆಲವು ಕಡೆ 'ಫ' ಅನ್ನುವುದನ್ನು 'ವ' ಅಂತಲೇ ಉಚ್ಚರಿಸುತ್ತಿದ್ದರು.

ಇಲ್ಲಿ ಜನ ಎಡವುವುದು ಎಲ್ಲಿ ಅಂದರೆ, 'ನಮ್ಮದು ಎರಡು ಎಲ್ ಇರುವ ಹೆಸರು, ಒಂದು ಎಲ್ ಇರುವವರು ಬೇರೆ ಮನೆತನ' ಅಂತ ವಾದಿಸುತ್ತಾರೆ. 1700ಕ್ಕಿಂತ ಹಿಂದೆ ಈ ವಾದಕ್ಕೆ ಬೆಲೆಯೇ ಇಲ್ಲ.

ಹಂತ 2: ಅದು ನಿಜವಾಗಿ ಕಸುಬಿನ ಹೆಸರಾ, ನೋಡಿ

ಇಂಗ್ಲಿಷ್ ಸರ್‌ನೇಮ್‌ಗಳಲ್ಲಿ ಹೆಚ್ಚಿನವು ನಾಲ್ಕು ಗುಂಪಿನಲ್ಲಿ ಬೀಳುತ್ತವೆ: ಊರು ಅಥವಾ ಜಾಗದ್ದು, ತಂದೆಯ ಹೆಸರಿನದ್ದು (ಜಾನ್ಸನ್ ಥರ), ಅಡ್ಡಹೆಸರಿನದ್ದು (ಕೂದಲು ಬಣ್ಣ, ಗುಣ ಇತ್ಯಾದಿ), ಮತ್ತು ಕಸುಬಿನದ್ದು.

ಕೊನೆಯಲ್ಲಿ 'ಅರ್' ಬಂದ ತಕ್ಷಣ ಕಸುಬು ಅಂದುಕೊಳ್ಳಬೇಡಿ. ಬ್ರಿಜರ್ ಸೇತುವೆ ಕಟ್ಟಿದವನಲ್ಲ, ಸೇತುವೆ ಹತ್ತಿರ ಮನೆ ಇದ್ದವನು. ಕಸುಬೇ ಆದರೂ ಇವತ್ತಿನ ಇಂಗ್ಲಿಷ್ ಅರ್ಥ ನಂಬುವಂತಿಲ್ಲ. ಫಾರ್ಮರ್ ಎಂಬ ಸರ್‌ನೇಮ್ ರೈತನದಲ್ಲ. ಕಂದಾಯ ವಸೂಲಿ ಗುತ್ತಿಗೆ ಹಿಡಿದವನದು. ಬಾರ್ಕರ್ ಬೊಗಳುವವನಲ್ಲ, ಮರದ ತೊಗಟೆ ಬಳಸಿ ಚರ್ಮ ಹದ ಮಾಡುವವನು. ಬಟ್ಲರ್ ದೊಡ್ಡಮನೆಯ ವೈನ್ ದಾಸ್ತಾನು ನೋಡಿಕೊಳ್ಳುವವನು. ಆ ಪದದೊಳಗೆ ಬಾಟಲಿ ಎಂಬ ಅರ್ಥದ ಫ್ರೆಂಚ್ ಮಾತು ಅಡಗಿದೆ.

ವಾಕರ್ ಕೂಡ ಹೀಗೇ. ಜಾನಿ ವಾಕರ್ ವಿಸ್ಕಿ ಬಾಟಲಿಯ ಮೇಲೆ ದಾಪುಗಾಲು ಹಾಕುವ ಟೋಪಿಯವನಿದ್ದಾನಲ್ಲ, ಅವನನ್ನು ಟಾಮ್ ಬ್ರೌನ್ ಎಂಬ ಚಿತ್ರಗಾರ ಬರೆದದ್ದು 1908ರಲ್ಲಿ. ಹೆಸರಿನ ಮೂಲ ಮಾಲೀಕ ಜಾನ್ ವಾಕರ್ ಸ್ಕಾಟ್ಲೆಂಡಿನ ಕಿಲ್ಮಾರ್ನಾಕ್‌ನಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು. ಆ ನಡಿಗೆಯೆಲ್ಲ ಜಾಹೀರಾತಿನವರ ಚಮತ್ಕಾರ. ಹೆಸರಿಗೂ ಅದಕ್ಕೂ ಸಂಬಂಧ ಇಲ್ಲ.

ಹಾಗಾದರೆ ಸರಿಯಾದ ಅರ್ಥ ಎಲ್ಲಿ ನೋಡುವುದು? ಮಕ್ಕಳ ಹೆಸರಿನ ವೆಬ್‌ಸೈಟ್‌ಗಳನ್ನು ಸುಮ್ನೆ ಬಿಟ್ಟುಬಿಡಿ. ಒಂದು ಬರೆದದ್ದನ್ನೇ ಹತ್ತು ಕಾಪಿ ಮಾಡಿರುತ್ತವೆ. ಆಕ್ಸ್‌ಫರ್ಡ್‌ನವರು 2016ರಲ್ಲಿ ಬ್ರಿಟನ್, ಐರ್ಲೆಂಡ್ ಸರ್‌ನೇಮ್‌ಗಳದ್ದೇ ನಾಲ್ಕು ಸಂಪುಟದ ನಿಘಂಟು ತಂದಿದ್ದಾರೆ. ಅದರಲ್ಲಿ ಅರ್ಥದ ಜೊತೆ ಆ ಹೆಸರು ಹಳೆಯ ದಾಖಲೆಗಳಲ್ಲಿ ಯಾವ ವರ್ಷ, ಯಾವ ಕೌಂಟಿಯಲ್ಲಿ ಸಿಕ್ಕಿದೆ ಅಂತಲೂ ಇದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. ದೊಡ್ಡ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಹಂತ 3: ಆ ಕಾಲದಲ್ಲಿ ಆ ಕೆಲಸ ಹೇಗಿತ್ತು ತಿಳಿದುಕೊಳ್ಳಿ

ಈ ಹಂತವನ್ನು ತುಂಬಾ ಜನ ಹಾರಿಸಿಬಿಡುತ್ತಾರೆ. ನನ್ನ ಪ್ರಕಾರ ಅರ್ಧ ಉತ್ತರ ಇಲ್ಲೇ ಇದೆ.

ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಸಂಪತ್ತು ಉಣ್ಣೆ. ಮಗ್ಗದಿಂದ ಇಳಿಸಿದ ಉಣ್ಣೆ ಬಟ್ಟೆ ನೇರವಾಗಿ ಹೊಲಿಯಲು ಬರುತ್ತಿರಲಿಲ್ಲ. ನೇಯ್ಗೆ ಬಿಡಿಬಿಡಿ, ಜೊತೆಗೆ ಎಣ್ಣೆ ಜಿಡ್ಡು. ಅದನ್ನು ತೊಟ್ಟಿಯಲ್ಲಿ ಹಾಕಿ, ನೀರು ಬಿಟ್ಟು, ಜಿಡ್ಡು ಹೀರುವ ಒಂದು ಜೇಡಿಮಣ್ಣು ಸೇರಿಸಿ, ಬರಿಗಾಲಲ್ಲಿ ತುಳಿಯುತ್ತಿದ್ದರು. ಮಣ್ಣಿನ ಬದಲು, ಕೆಲವೊಮ್ಮೆ ಅದರ ಜೊತೆಗೆ, ಹಳಸಿದ ಮೂತ್ರ. ಮನೆಮನೆಯಿಂದ ಸಂಗ್ರಹಿಸಿ ಇಟ್ಟದ್ದು. ಅದರಲ್ಲಿನ ಅಮೋನಿಯಾ ಜಿಡ್ಡು ಬಿಡಿಸುತ್ತದೆ. ಗಂಟೆಗಟ್ಟಲೆ ತುಳಿದ ಮೇಲೆ ಉಣ್ಣೆಯ ಎಳೆಗಳು ಒಂದಕ್ಕೊಂದು ಹೆಣೆದುಕೊಂಡು ಬಟ್ಟೆ ಕುಗ್ಗಿ ದಪ್ಪವಾಗುತ್ತದೆ, ಬೆಚ್ಚಗಾಗುತ್ತದೆ. ಆಮೇಲೆ ಚೆನ್ನಾಗಿ ತೊಳೆದು, ಮರದ ಚೌಕಟ್ಟಿನ ಕೊಕ್ಕೆಗಳಿಗೆ ಸಿಕ್ಕಿಸಿ, ಎಳೆದು ಒಣಗಿಸುವುದು. ಈ ಕೆಲಸಕ್ಕೆ ಫುಲಿಂಗ್ ಅಂತ ಹೆಸರು.

ಆ ಜೇಡಿಮಣ್ಣು ನಿಮ್ಮ ಮನೆಯಲ್ಲೂ ಇರಬಹುದು. ಮುಲ್ತಾನಿ ಮಿಟ್ಟಿ ಪೊಟ್ಟಣ ತಿರುಗಿಸಿ ನೋಡಿ, ಇಂಗ್ಲಿಷಿನಲ್ಲಿ 'ಫುಲರ್ಸ್ ಅರ್ತ್' ಅಂತ ಬರೆದಿರುತ್ತದೆ. ಫುಲರ್ ಬಳಸುತ್ತಿದ್ದ ಮಣ್ಣು. ಮುಖದ ಜಿಡ್ಡಿಗೂ ಉಣ್ಣೆಯ ಜಿಡ್ಡಿಗೂ ಅದೇ ಮದ್ದು.

ಹೀಗೆ ತುಳಿಯುವವನಿಗೆ ಒಂದೊಂದು ಸೀಮೆಯಲ್ಲಿ ಒಂದೊಂದು ಹೆಸರು. ಹಳೆಯ ಇಂಗ್ಲಿಷಿನಲ್ಲಿ 'ವೆಅಲ್ಕನ್' ಅಂದರೆ ಹೊರಳಿಸು, ಹೊಯ್ದಾಡಿಸು. ಅದರಿಂದ ವಾಕರ್. 'ತೂಕಿಯನ್' ಅಂದರೆ ಹಿಂಸಿಸು. ಆಮೇಲೆ ಬಟ್ಟೆಯನ್ನು ಹಾಗೆ ಬಡಿದು ತುಳಿಯುವುದಕ್ಕೂ ಅದೇ ಮಾತು ನಿಂತಿತು. ಅದರಿಂದ ಟಕರ್. ಲ್ಯಾಟಿನ್‌ನ 'ಫುಲ್ಲೋ' ಎಂಬ ಪದದಿಂದ ಫುಲರ್. ಮೂರೂ ಒಂದೇ ಕೆಲಸ.

12ನೇ ಶತಮಾನದ ಹೊತ್ತಿಗೆ ಇಂಗ್ಲೆಂಡಿನಲ್ಲಿ ಕಾಲಿನ ಬದಲು ನೀರಿನ ಗಿರಣಿ ಬಂತು. ನೀರಚಕ್ರ ತಿರುಗಿದರೆ ಮರದ ಕೊಡತಿಗಳು ಎದ್ದೆದ್ದು ಬಟ್ಟೆಯ ಮೇಲೆ ಬೀಳುತ್ತವೆ. 1185ರಲ್ಲಿ ಟೆಂಪ್ಲರ್ ಎಂಬ ಕ್ರೈಸ್ತ ಯೋಧರ ಪಂಗಡ ತನ್ನ ಆಸ್ತಿಪಟ್ಟಿ ಮಾಡಿಸಿದಾಗ ಇಂಥ ಗಿರಣಿ ಅದರಲ್ಲಿ ನಮೂದಾಗಿದೆ. ತುಳಿತ ಕಮ್ಮಿಯಾದರೂ ಹೆಸರು ಹೋಗಲಿಲ್ಲ. ಉತ್ತರದವರು ಆ ಗಿರಣಿಗೇ ವಾಕ್ ಮಿಲ್ ಅಂದರು, ನೈಋತ್ಯದವರು ಟಕಿಂಗ್ ಮಿಲ್ ಅಂದರು. ಸ್ಕಾಟ್ಲೆಂಡಿನ ಹೆಬ್ರಿಡೀಸ್ ದ್ವೀಪಗಳಲ್ಲಂತೂ ಹೆಂಗಸರು ಮೇಜಿನ ಸುತ್ತ ಕೂತು, ಹಾಡು ಹೇಳಿಕೊಂಡು, ಕೈಯಿಂದಲೇ ಬಟ್ಟೆ ಬಡಿಯುವುದು 20ನೇ ಶತಮಾನದವರೆಗೂ ನಡೆದಿತ್ತು.

ಹಂತ 4: ಹೆಸರನ್ನು ನಕ್ಷೆಯ ಮೇಲೆ ಇಡಿ

ಸೀಮೆಗೊಂದು ಹೆಸರು ಇದ್ದದ್ದರಿಂದ ಸರ್‌ನೇಮ್ ನೋಡಿ ಊರಿನ ದಿಕ್ಕು ಊಹಿಸಬಹುದು. ವಾಕರ್ ಉತ್ತರದ್ದು: ಯಾರ್ಕ್‌ಶೈರ್, ಲ್ಯಾಂಕಶೈರ್ ಕಡೆ ಜಾಸ್ತಿ. ಫುಲರ್ ಆಗ್ನೇಯದ್ದು: ಕೆಂಟ್, ಸಸೆಕ್ಸ್, ಸಫೋಕ್. ಟಕರ್ ನೈಋತ್ಯದ್ದು: ಡೆವನ್, ಸಾಮರ್‌ಸೆಟ್, ಕಾರ್ನ್‌ವಾಲ್. ಡೆವನ್‌ನ ಎಕ್ಸೆಟರ್ ಪಟ್ಟಣದಲ್ಲಿ ಈ ಕಸುಬಿನವರ ಸಂಘದ ಕಟ್ಟಡ ಇವತ್ತಿಗೂ ಇದೆ. ಅದರ ಹೆಸರು ಟಕರ್ಸ್ ಹಾಲ್, ಶುರುವಾದದ್ದು 1471ರಲ್ಲಿ. ವೇಲ್ಸ್‌ನಲ್ಲಿ ಇದೇ ಗಿರಣಿಗೆ 'ಪಂಡಿ' ಅನ್ನುತ್ತಾರೆ. ಅಲ್ಲಿನ ಟೋನಿಪಂಡಿ ಎಂಬ ಊರಿನ ಹೆಸರಿನ ಬಾಲದಲ್ಲಿರುವುದು ಅದೇ.

ನಕ್ಷೆಗೆ 1881ರ ಜನಗಣತಿ ಒಳ್ಳೆಯ ಆಧಾರ. ಪೂರ್ತಿ ಟೈಪ್ ಮಾಡಿ ಇಟ್ಟಿದ್ದಾರೆ. ಫ್ಯಾಮಿಲಿಸರ್ಚ್‌ನಲ್ಲಿ ಸರ್‌ನೇಮ್ ಹಾಕಿ, ಕೌಂಟಿವಾರು ಎಷ್ಟು ಜನ ಅಂತ ಎಣಿಸಿ. ಆದರೆ ಒಂದು ಎಚ್ಚರ. ದೊಡ್ಡ ಕೌಂಟಿಯಲ್ಲಿ ಯಾವ ಹೆಸರಿನವರೂ ಜಾಸ್ತಿಯೇ ಇರುತ್ತಾರೆ. ಬರೀ ಎಣಿಕೆ ನೋಡಬೇಡಿ, ಆ ಕೌಂಟಿಯ ಜನಸಂಖ್ಯೆಗೆ ಹೋಲಿಸಿ. ಲಂಡನ್ ಅನ್ನು ಬಿಟ್ಟೇ ಲೆಕ್ಕ ಹಾಕುವುದು ವಾಸಿ, ಅಲ್ಲಿಗೆ ಎಲ್ಲ ಕಡೆಯವರೂ ಬಂದು ಸೇರಿರುತ್ತಾರೆ.

ಒಂದೇ ಹೆಸರಿಗೆ ಎರಡು ಮೂಲ ಇರುವುದೂ ಉಂಟು. ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಲ್ಲಿ 'ಫುಲರ್‌ನ ಮಗ' ಎಂಬ ಅರ್ಥದ ಹೆಸರೊಂದಿತ್ತು. ಇಂಗ್ಲಿಷ್ ಬಂದ ಮೇಲೆ ಅದನ್ನು ಹೊತ್ತವರಲ್ಲಿ ಕೆಲವರು ವಾಕರ್ ಆದರು. ಅವರ ವಂಶ ಯಾರ್ಕ್‌ಶೈರ್‌ನಲ್ಲಿ ಹುಡುಕಿದರೆ ಸಿಗುವುದಿಲ್ಲ.

ಹಂತ 5: ಇವತ್ತಿನಿಂದ ಹಿಂದಕ್ಕೆ ಹೋಗಿ

1300ರ ಯಾವುದೋ ವಾಕರ್‌ನನ್ನು ಹಿಡಿದು ಅಲ್ಲಿಂದ ಮುಂದಕ್ಕೆ ಬರಬೇಡಿ. ನಿಮಗೆ ಖಚಿತವಾಗಿ ಗೊತ್ತಿರುವವರಿಂದ ಒಂದೊಂದೇ ತಲೆಮಾರು ಹಿಂದಕ್ಕೆ ಹೋಗಿ.

ಮೊದಲು ಜನಗಣತಿ. ನೂರು ವರ್ಷ ಆಗುವವರೆಗೆ ವಿವರ ಬಿಡುಗಡೆ ಮಾಡುವುದಿಲ್ಲ. ಇಂಗ್ಲೆಂಡ್, ವೇಲ್ಸ್‌ನಲ್ಲಿ ಈಗ ಸಿಗುವ ಹೊಸದು 1921ರದ್ದು. 1931ರದ್ದು ಬೆಂಕಿಗೆ ಹೋಯಿತು, 1941ರಲ್ಲಿ ಯುದ್ಧದಿಂದಾಗಿ ಗಣತಿಯೇ ನಡೆಯಲಿಲ್ಲ. ಹಿಂದಕ್ಕೆ 1841ರವರೆಗೆ ಹೆಸರುಗಳು ಸಿಗುತ್ತವೆ. ಆದರೆ 1841ರಲ್ಲಿ ದೊಡ್ಡವರ ವಯಸ್ಸನ್ನು ಸಾಮಾನ್ಯವಾಗಿ ಐದರ ಲೆಕ್ಕಕ್ಕೆ ಇಳಿಸಿ ಬರೆದಿದ್ದಾರೆ. 39 ವರ್ಷದವನು 35 ಅಂತ ಇರುತ್ತಾನೆ. ಹುಟ್ಟಿದ ಊರು ಬೇಕಾದರೆ 1851ರದ್ದು ನೋಡಿ.

ಎರಡನೆಯದು ಹುಟ್ಟು, ಮದುವೆ, ಸಾವಿನ ಸರ್ಕಾರಿ ನೋಂದಣಿ. ಶುರುವಾದದ್ದು 1837ರ ಜುಲೈ 1ರಂದು. ಇದರ ಸೂಚಿಯನ್ನು ಮೂರು ತಿಂಗಳಿಗೊಂದರಂತೆ ಮಾಡಿದ್ದಾರೆ, ಅದೂ ನೋಂದಣಿ ಆದ ದಿನದ ಲೆಕ್ಕದಲ್ಲಿ. ಡಿಸೆಂಬರ್‌ನಲ್ಲಿ ಹುಟ್ಟಿದ ಮಗು ಮುಂದಿನ ವರ್ಷದ ಮೊದಲ ಭಾಗದಲ್ಲಿ ಇರಬಹುದು. 'ದಾಖಲೆಯೇ ಇಲ್ಲ' ಅಂತ ಕೈಬಿಟ್ಟವರಲ್ಲಿ ಎಷ್ಟೋ ಜನ ಇಲ್ಲೇ ತಪ್ಪಿರುತ್ತಾರೆ. ಮದುವೆ ಪತ್ರ ಸಿಕ್ಕರೆ ಬಿಡಬೇಡಿ, ಅದರಲ್ಲಿ ವರ, ವಧು ಇಬ್ಬರ ತಂದೆಯರ ಹೆಸರೂ ಕಸುಬೂ ಇರುತ್ತದೆ.

1837ಕ್ಕಿಂತ ಹಿಂದೆ ಚರ್ಚ್ ರಿಜಿಸ್ಟರ್‌ಗಳೇ ಗತಿ. ಪ್ರತಿ ಪ್ಯಾರಿಷ್‌ನಲ್ಲಿ, ಅಂದರೆ ಒಂದು ಚರ್ಚಿನ ವ್ಯಾಪ್ತಿಯಲ್ಲಿ, ರಿಜಿಸ್ಟರ್ ಇಡಬೇಕು ಅಂತ ರಾಜ ಎಂಟನೇ ಹೆನ್ರಿಯ ಮಂತ್ರಿ ಥಾಮಸ್ ಕ್ರಾಮ್‌ವೆಲ್ ಆದೇಶ ಮಾಡಿದ್ದು 1538ರಲ್ಲಿ. ಎಲ್ಲ ಊರಿನದೂ ಅಲ್ಲಿಂದ ಉಳಿದಿಲ್ಲ. ಇಲ್ಲಿ ತಾರೀಖಿನ ಗುಂಡಿ ಒಂದಿದೆ. 1752ಕ್ಕಿಂತ ಹಿಂದೆ ಇಂಗ್ಲೆಂಡಿನಲ್ಲಿ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ರಿಜಿಸ್ಟರ್‌ನಲ್ಲಿ 1740ರ ಫೆಬ್ರವರಿ ಅಂತ ಇದ್ದರೆ ನಮ್ಮ ಲೆಕ್ಕದಲ್ಲಿ ಅದು 1741. ಇದು ಗೊತ್ತಿಲ್ಲದಿದ್ದರೆ ಮದುವೆಗೆ ಮುಂಚೆಯೇ ಮಗು ಹುಟ್ಟಿದ ಹಾಗೆ ಕಾಣುತ್ತದೆ!

ಅದಕ್ಕೂ ಹಿಂದೆ ಸಾಮಾನ್ಯ ಜನ ಸಿಗುವುದು ತೆರಿಗೆ ಪಟ್ಟಿ, ಕೋರ್ಟ್ ಕಡತಗಳಲ್ಲಿ. 1377, 1379, 1381ರ ತಲೆಗಂದಾಯದ ಪಟ್ಟಿಗಳು ಪ್ರಸಿದ್ಧ. ಇವು ಲ್ಯಾಟಿನ್‌ನಲ್ಲಿವೆ. ಊರವರು ವಾಕರ್ ಅಂತ ಕರೆಯುತ್ತಿದ್ದವನನ್ನು ಗುಮಾಸ್ತ ಫುಲ್ಲೋ ಅಂತ ಬರೆದಿರಬಹುದು. ಸ್ಮಿತ್ ಆದರೆ ಫೇಬರ್. ಇನ್ನೂ ಹಳೆಯದರಲ್ಲಿ 'ರಾಬರ್ಟ್ ಲೆ ವಾಕರ್' ಥರ ನಡುವೆ 'ಲೆ' (ಇಂಗ್ಲಿಷಿನ 'ದಿ'ಗೆ ಫ್ರೆಂಚ್ ಮಾತು) ಬರುತ್ತದೆ. ಅಂಥ ಕಡೆ ಆ ಹೆಸರು ಬಹುಶಃ ಆ ಮನುಷ್ಯನ ಗುರುತು ಮಾತ್ರ, ಮಗನಿಗೆ ಬೇರೆ ಇರಬಹುದು. ಸಾಮಾನ್ಯರ ಹೆಸರು ತಲೆಮಾರಿನಿಂದ ತಲೆಮಾರಿಗೆ ಗಟ್ಟಿಯಾಗಿ ನಿಂತದ್ದು ದಕ್ಷಿಣದಲ್ಲಿ ಸುಮಾರು 14ನೇ ಶತಮಾನದಲ್ಲಿ, ಉತ್ತರದಲ್ಲಿ ಇನ್ನೂ ತಡವಾಗಿ.

ನಮ್ಮವರು ಹೆಚ್ಚು ಮಾಡುವ ತಪ್ಪು

'ಹಾಗಾದರೆ ವಾಕರ್‌ಗಳದ್ದು ಯಾವ ಜಾತಿ?' ಈ ಪ್ರಶ್ನೆಯೂ ಬರುತ್ತದೆ. ಉತ್ತರ ಕರ್ನಾಟಕದ ಕಂಬಾರ, ಬಡಿಗೇರ, ಹೂಗಾರ ಎಂಬ ಅಡ್ಡಹೆಸರುಗಳನ್ನು ಕೇಳಿ ಬೆಳೆದವರಿಗೆ ಹಾಗನ್ನಿಸುವುದು ಸಹಜ. ಆದರೆ ಇಂಗ್ಲೆಂಡಿನ ಲೆಕ್ಕ ಬೇರೆ. ಅಲ್ಲಿ ಹೆಸರು ಅಂಟಿಕೊಂಡದ್ದು ಒಂದು ಕಾಲದ ಒಬ್ಬ ಮನುಷ್ಯನಿಗೆ. ಅವನ ಮಗ ಬಟ್ಟೆ ತುಳಿಯಲೇಬೇಕು ಅಂತೇನಿರಲಿಲ್ಲ, ತುಳಿಯುವವರ ಮನೆಯಿಂದಲೇ ಹೆಣ್ಣು ತರಬೇಕು ಅಂತಲೂ ಇರಲಿಲ್ಲ. 14ನೇ ಶತಮಾನದ ಪಟ್ಟಿಗಳಲ್ಲೇ ಹೆಸರು ಒಂದು, ಕಸುಬು ಇನ್ನೊಂದು ಆಗಿರುವವರು ಸಿಗುತ್ತಾರೆ. ಹೆಸರು ವಂಶಪಾರಂಪರ್ಯ ಆಯಿತು ಅಂತ ಇತಿಹಾಸಕಾರರು ಗುರುತಿಸುವ ಒಂದು ದಾರಿಯೂ ಇದೇ.

ಇನ್ನೊಂದು: ಎಲ್ಲ ವಾಕರ್‌ಗಳೂ ಒಂದೇ ಮನೆತನ ಅಲ್ಲ. ಹೊಳೆ ಇದ್ದ ಎಷ್ಟೋ ಊರಲ್ಲಿ ಗಿರಣಿ ಇತ್ತು, ಅಲ್ಲೆಲ್ಲ ಒಬ್ಬೊಬ್ಬ ವಾಕರ್. ರಕ್ತಸಂಬಂಧವೇ ಇಲ್ಲದೆಯೂ ಹೆಸರು ಬರುತ್ತದೆ. ಅಮೆರಿಕದಲ್ಲಿ ಕೂದಲಿನ ಸಾಮಗ್ರಿ ಮಾರಿ ಶ್ರೀಮಂತರಾದ ಮೇಡಂ ಸಿ. ಜೆ. ವಾಕರ್ ಹುಟ್ಟಿದ್ದು 1867ರಲ್ಲಿ, ಸಾರಾ ಬ್ರೀಡ್‌ಲವ್ ಆಗಿ. ಹಿಂದೆ ಗುಲಾಮಗಿರಿಯಲ್ಲಿದ್ದ ಕಪ್ಪು ಕುಟುಂಬದ ಮಗಳು. ವಾಕರ್ ಅವರ ಗಂಡನ ಹೆಸರು. ನಮ್ಮ ಹಿಂದಿ ಸಿನಿಮಾದ ಜಾನಿ ವಾಕರ್ ಅಸಲಿ ಹೆಸರು ಬದ್ರುದ್ದೀನ್ ಕಾಜಿ, ಜಾನಿ ವಾಕರ್ ಅನ್ನುವುದು ವಿಸ್ಕಿಯಿಂದ ಬಂದದ್ದು.

'ನಿಮ್ಮ ಸರ್‌ನೇಮ್‌ನ ಕುಲಲಾಂಛನ' ಅಂತ ಮಗ್ಗು, ಫಲಕ ಮಾರುವವರಿದ್ದಾರೆ. ದುಡ್ಡು ಹಾಳು. ಇಂಗ್ಲೆಂಡಿನ ಕಾನೂನಿನಲ್ಲಿ ಲಾಂಛನ ಸಿಗುವುದು ಒಬ್ಬ ವ್ಯಕ್ತಿಗೆ, ಅವರ ನಂತರ ಅವರ ವಾರಸುದಾರರಿಗೆ. ಸರ್‌ನೇಮ್‌ಗೆ ಲಾಂಛನ ಅನ್ನುವುದೇ ಇಲ್ಲ.

ಹಂತ 6: ಕುಟುಂಬ ಇಲ್ಲಿದ್ದರೆ

ಬೆಂಗಳೂರು ದಂಡು ಶುರುವಾದದ್ದು 1809ರಲ್ಲಿ. ಅಲ್ಲಿನ ಚರ್ಚುಗಳಲ್ಲಿ ಆದ ದೀಕ್ಷಾಸ್ನಾನ, ಮದುವೆ, ಸಮಾಧಿಯ ಪ್ರತಿಗಳು ಲಂಡನ್‌ಗೆ ಹೋಗುತ್ತಿದ್ದವು. ಇವನ್ನು ಮೈಸೂರು ಅಂತ ಹುಡುಕಬೇಡಿ. ಮದ್ರಾಸ್ ಪ್ರೆಸಿಡೆನ್ಸಿಯ ಕಂತೆಯಲ್ಲಿವೆ. ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಅದರ ಗುರುತು ಎನ್/2. ಬ್ರಿಟಿಷ್ ಇಂಡಿಯಾದ ಕುಟುಂಬಗಳಿಗಾಗಿಯೇ ಇರುವ ಫಿಬಿಸ್ ಎಂಬ ಸಂಸ್ಥೆಯ ವೆಬ್‌ಸೈಟ್‌ನಲ್ಲಿ ಉಚಿತವಾಗಿ ಹೆಸರು ಹುಡುಕಬಹುದು.

ಕೆಜಿಎಫ್ ಆದರೆ ಕಾರ್ನ್‌ವಾಲ್ ಕಡೆ ಮೊದಲು ನೋಡಿ. 1880ರಿಂದ ಅಲ್ಲಿನ ಗಣಿ ನಡೆಸಿದ್ದು ಜಾನ್ ಟೇಲರ್ ಅಂಡ್ ಸನ್ಸ್ (ಇದೂ ಒಂದು ಕಸುಬಿನ ಸರ್‌ನೇಮೇ). ತವರ ಗಣಿಯಲ್ಲಿ ಪಳಗಿದ ಕಾರ್ನ್‌ವಾಲ್‌ನವರು ಅಲ್ಲಿಗೆ ಬಂದರು. ಕಾರ್ನ್‌ವಾಲ್‌ನ ಕ್ಯಾಂಬೋರ್ನ್ ಪಕ್ಕದಲ್ಲಿ ಟಕಿಂಗ್‌ಮಿಲ್ ಅಂತಲೇ ಒಂದು ಊರಿದೆ. ಗಣಿಯಲ್ಲಿ ಸಿಡಿಮದ್ದು ಹಚ್ಚುವ ಸೇಫ್ಟಿ ಫ್ಯೂಸ್‌ಗೆ 1831ರಲ್ಲಿ ಪೇಟೆಂಟ್ ತೆಗೆದ ವಿಲಿಯಂ ಬಿಕ್‌ಫರ್ಡ್ ಅಲ್ಲಿ ನೆಲೆಸಿದ್ದವರು. ಕೆಜಿಎಫ್ ಸಮಾಧಿ ಕಲ್ಲಿನಲ್ಲಿ ಟಕರ್ ಎಂಬ ಹೆಸರು ಸಿಕ್ಕರೆ ಕಲ್ಲಿನ ಕೆಳಗಿನ ಸಾಲೂ ಓದಿ. ಹುಟ್ಟೂರು ಕೆತ್ತಿಸಿದ್ದರೆ ನಿಮ್ಮ ಅರ್ಧ ಕೆಲಸ ಮುಗಿಯಿತು.

ಇಂಗ್ಲಿಷ್ ಹೆಸರಿದ್ದ ಮಾತ್ರಕ್ಕೆ ಇಂಗ್ಲೆಂಡಿನ ಮೂಲ ಅಂತ ಅಲ್ಲ. ಮತಾಂತರವಾದಾಗ, ಶಾಲೆಗೆ ಸೇರಿಸುವಾಗ, ದತ್ತು ಕೊಟ್ಟಾಗ ಹೆಸರು ಬದಲಾದದ್ದಿದೆ. ಮನೆಯ ಹಿರಿಯರನ್ನು ಕೇಳುವಾಗ ಸ್ವಲ್ಪ ನಾಜೂಕಾಗಿ ಕೇಳಿ. ಬದುಕಿರುವವರ ವಿವರ ಇಂಟರ್ನೆಟ್‌ಗೆ ಹಾಕಬೇಡಿ.

ಹಂತ 7: ಹೆಸರು ಬಳಸುವ ರೀತಿ

ಹಳೆಯ ಪತ್ರ, ಸೂಚಿ ಓದುವಾಗ ಇದು ಬೇಕಾಗುತ್ತದೆ. ಸೂಚಿಯಲ್ಲಿ ಸರ್‌ನೇಮ್ ಮೊದಲು, ಆಮೇಲೆ ಅಲ್ಪವಿರಾಮ, ಆಮೇಲೆ ಸ್ವಂತ ಹೆಸರು. ಮಿಸ್ಟರ್ ಜೊತೆ ಸರ್‌ನೇಮ್ ಬರುತ್ತದೆ, ಸರ್ ಎಂಬ ಬಿರುದಿನ ಜೊತೆ ಸ್ವಂತ ಹೆಸರು. ಕಬ್ಬನ್ ಪಾರ್ಕಿನ ಮಾರ್ಕ್ ಕಬ್ಬನ್ ಇಂಗ್ಲಿಷ್ ಪತ್ರಗಳಲ್ಲಿ 'ಸರ್ ಮಾರ್ಕ್'. 'ಸರ್ ಕಬ್ಬನ್' ಅಂತ ಹುಡುಕಿದರೆ ಕಷ್ಟ. ಅಮೆರಿಕದಲ್ಲಿ ಟಕರ್, ವಾಕರ್, ಮೇಸನ್ ಇವನ್ನೆಲ್ಲ ಮಕ್ಕಳ ಸ್ವಂತ ಹೆಸರಾಗಿಯೂ ಇಡುತ್ತಾರೆ. ಅಲ್ಲಿ ಅದರಿಂದ ಮನೆತನ ಹಿಡಿಯಲು ಹೋಗಬೇಡಿ. ಆದರೆ 19ನೇ ಶತಮಾನದ ಇಂಗ್ಲೆಂಡಿನಲ್ಲಿ ನಡುವಿನ ಹೆಸರಾಗಿ ಒಂದು ಸರ್‌ನೇಮ್ ಕಂಡರೆ ಬಿಡಬೇಡಿ, ಅದು ತಾಯಿಯ ತವರಿನದ್ದಾಗಿರುವ ಸಾಧ್ಯತೆ ಜಾಸ್ತಿ.

ಬರೀ ಸರ್‌ನೇಮ್ ಹಿಡಿದು 'ವಾಕರ್!' ಅಂತ ಕರೆಯುವುದು ಹಳೆಯ ಗಂಡುಮಕ್ಕಳ ಶಾಲೆಗಳಲ್ಲಿ, ಸೈನ್ಯದಲ್ಲಿ, ಯಜಮಾನರು ಆಳುಗಳಿಗೆ ಹೇಳುವಾಗ ಇದ್ದ ಪದ್ಧತಿ. ಹಾಗಾಗಿ ಪತ್ರದಲ್ಲಿ ಬರೀ ಸರ್‌ನೇಮ್ ಇದ್ದರೆ ಅವರು ಗೆಳೆಯರೋ ಆಳೋ ಅಂತ ಸುತ್ತಲಿನ ಸಾಲು ನೋಡಿಯೇ ತೀರ್ಮಾನಿಸಬೇಕು. ಹೆಣ್ಣುಮಕ್ಕಳದ್ದು ಇನ್ನೊಂದು ಕ್ರಮ. ಮದುವೆಯಾಗದ ಅಕ್ಕತಂಗಿಯರಲ್ಲಿ ದೊಡ್ಡವಳು ಮಾತ್ರ 'ಮಿಸ್ ಟಕರ್', ಉಳಿದವರಿಗೆ ಸ್ವಂತ ಹೆಸರು ಸೇರಿಸಿ 'ಮಿಸ್ ಮೇರಿ ಟಕರ್' ಥರ. ನಿಮ್ಮ ಮನೆಯ ಹಳೆಯ ಪತ್ರದಲ್ಲಿ ಬರೀ 'ಮಿಸ್ ಟಕರ್' ಅಂತ ಇದ್ದರೆ ರಿಜಿಸ್ಟರ್‌ನಲ್ಲಿ ಹಿರಿಯ ಮಗಳಿಂದ ಹುಡುಕಲು ಶುರು ಮಾಡಿ.